ಗೌರತ್ತೆ ಯಾರ ಕಡೆ

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ಯಾರು ಲ್ಯಾಬಿನ ಮಾತು ಎತ್ತುತ್ತಾರೋ ಅವರು ಆ ವಾರಾಂತ್ಯದ ಪಾತ್ರೆಯನ್ನೆಲ್ಲ ತೊಳೆಯಬೇಕು. ಮನೆ ಅಂದರೆ ಎರಡು ಅರ್ಧ ಮನೆ ಅನ್ನಿ. ನನ್ನದು ಮೆಲ್ಬರ್ನಿನ ಬ್ರನ್ಸ್‌ವಿಕ್‌ನಲ್ಲಿ ಒಂದು ರೂಮು, ನನ್ನ ಗಂಡ ಸುಧನ್ವನದು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಸ್ಟೇಷನ್ನಿನ ಹಿಂದಿನ ಫ್ಲ್ಯಾಟು. ಇಬ್ಬರೂ ಕ್ಯಾನ್ಸರ್ ಸಂಶೋಧಕರು. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗಲಿಲ್ಲ, ಸಿಕ್ಕ ಕೆಲಸ ಬಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಒಂದು ಶುಕ್ರವಾರ ಅವನು ಅಗ್ಗದ ವಿಮಾನ ಹತ್ತುತ್ತಿದ್ದ, ಇನ್ನೊಂದು ಶುಕ್ರವಾರ ನಾನು.

ಕಾನೂನಿಗೆ ಕಾರಣವಿತ್ತು. ಎರಡು ಲ್ಯಾಬೂ ಲಿವರ್ ಕ್ಯಾನ್ಸರಿನ ಹಿಂದೆ ಬಿದ್ದಿದ್ದವು. ನನ್ನ ಬಾಸ್ ಬ್ರಾನ್ವಿನ್, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ, ಪ್ರಕಟವಾಗದ ಫಲಿತಾಂಶವನ್ನು ಹೊರಗಿನ ಯಾರಿಗೂ, ಮನೆಯವರಿಗೂ ಹೇಳುವುದಿಲ್ಲ ಎಂದು ನನ್ನಿಂದ ಸಹಿ ಹಾಕಿಸಿಕೊಂಡಿದ್ದಳು. ಮನೆಯವರು ಎಂಬ ಪದದ ಕೆಳಗೆ ಗೆರೆ ಎಳೆದಿದ್ದಳು. ನನಗೆ ಆಗ ಮೈಯೆಲ್ಲ ಉರಿದಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಆದರೂ ಸಹಿ ಹಾಕಿದೆ, ಮಾತಿನಂತೆ ನಡೆದೆ. ಸುಧನ್ವನೂ ನಡೆದ. ನಾಲ್ಕು ವರ್ಷ ನಾವು ಸೊಪ್ಪಿನ ಬೆಲೆ, ರೆಂಟು, ಆಸ್ಟ್ರೇಲಿಯಾದಲ್ಲೇ ನೆಲೆಸಲು ಹಾಕಿದ ಪಿಆರ್ ಅರ್ಜಿ, ಅವರಿವರ ಮದುವೆ ಎಲ್ಲ ಮಾತಾಡಿದೆವು. ದಿನಕ್ಕೆ ಹತ್ತು ಗಂಟೆ ಏನು ಮಾಡುತ್ತೇವೆ ಎನ್ನುವುದನ್ನು ಮಾತ್ರ ಮಾತಾಡಲಿಲ್ಲ.

ಈ ಕಥೆ ೨೦೦೭ರ ಚಳಿಗಾಲದ್ದು. ಅದಕ್ಕೂ ಮೊದಲು ಗೌರತ್ತೆಯ ಪರಿಚಯ ಮಾಡಿಕೊಡಬೇಕು.

ನಮ್ಮ ಲ್ಯಾಬಿನ ಇಲಿಗಳ ಮೈಯೊಳಗೆ, ಸಿಕ್ಕಸಿಕ್ಕಲ್ಲಿಗೆ ಜಿಗಿಯುವ ಒಂದು ಡಿಎನ್‌ಎ ತುಣುಕನ್ನು ಬಿಟ್ಟಿದ್ದೆವು. ಅದು ಯಾವ ಜೀನಿನೊಳಗೆ ಹೋಗಿ ಕೂರುತ್ತದೋ ಆ ಜೀನಿನ ಕೆಲಸ ಏರುಪೇರಾಗುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಕೆಲವು ಇಲಿಗಳ ಲಿವರಿನಲ್ಲಿ ಮಾತ್ರ ಗೆಡ್ಡೆ ಏಳುತ್ತದೆ. ಆಗ ಗೆಡ್ಡೆಯನ್ನು ತೆಗೆದು, ತುಣುಕು ಎಲ್ಲೆಲ್ಲಿ ಕೂತಿದೆ ಎಂದು ಓದುತ್ತೇವೆ. ಬೇರೆ ಬೇರೆ ಇಲಿಗಳ ಗೆಡ್ಡೆಗಳಲ್ಲಿ ಒಂದೇ ಜೀನಿಗೆ ಏಟು ಬಿದ್ದಿದ್ದರೆ ಅದು ಕಾಕತಾಳೀಯವಲ್ಲ. ನನಗೆ ಹಾಗೆ ಸಿಕ್ಕ ಜೀನು ಒಂದೇ. ಗೆಡ್ಡೆಯ ಮೇಲೆ ಗೆಡ್ಡೆ ತೆರೆದರೂ ಅದೇ ಜೀನು ಮುರಿದುಬಿದ್ದಿತ್ತು. ಅದಕ್ಕೆ ಅಕ್ಷರವೂ ಅಂಕಿಯೂ ಬೆರೆತ ಒಂದು ಒಣ ಹೆಸರಿತ್ತು. ನಾನು ಮನಸ್ಸಿನಲ್ಲೇ ಅದಕ್ಕೆ ಗೌರತ್ತೆ ಎಂದು ಹೆಸರಿಟ್ಟೆ.

ಗೌರತ್ತೆ ಅಂದರೆ ಚಿಕ್ಕನಾಯಕನಹಳ್ಳಿಯಲ್ಲಿದ್ದ ನನ್ನ ಅಪ್ಪನ ಅಕ್ಕ. ಆಕೆ ಇರುವವರೆಗೆ ಆ ತುಂಬಿದ ಮನೆಯಲ್ಲಿ ಯಾರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಆಕೆ ಹೋದ ವರ್ಷವೇ ಅಣ್ಣತಮ್ಮಂದಿರು ನಡುಮನೆಗೆ ಗೋಡೆ ಎಬ್ಬಿಸಿದರು. ಈ ಜೀನಿನ ಕೆಲಸವೂ ಅದೇ ಎಂದು ನನ್ನ ಇಲಿಗಳು ಹೇಳುತ್ತಿದ್ದವು. ಅದು ಇರುವವರೆಗೆ ಜೀವಕೋಶಗಳು ಅಂಕೆಯಲ್ಲಿರುತ್ತವೆ, ಅದು ಹೋದರೆ ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ನಾಲ್ಕು ವರ್ಷದ ಕೆಲಸ ಮುಗಿದಿತ್ತು, ಪೇಪರ್ ಬರೆದಾಗಿತ್ತು, ಆ ತಿಂಗಳಲ್ಲೇ ಕಳಿಸುವುದಿತ್ತು. ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಆಗ ಒಂದು ಮಂಗಳವಾರ ಸಿಡ್ನಿಯಲ್ಲಿ ಮುಂದಿನ ವಾರ ನಡೆಯಲಿದ್ದ ಕ್ಯಾನ್ಸರ್ ಸಮ್ಮೇಳನದ ಪುಸ್ತಿಕೆ ಬಂತು. ಬ್ರಾನ್ವಿನ್ ಅದನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸೋಮವಾರದ ಭಾಷಣ, ಮಾತಾಡುವವನು ಸುಧನ್ವ. ಶೀರ್ಷಿಕೆಯಲ್ಲಿ ಗೌರತ್ತೆಯ ಒಣ ಹೆಸರಿತ್ತು. ಲಿವರ್ ಕ್ಯಾನ್ಸರನ್ನು ನಡೆಸುವ ಜೀನು ಇದೇ, ಇದನ್ನು ತಡೆದರೆ ಕ್ಯಾನ್ಸರ್ ಸಾಯುತ್ತದೆ ಎಂದು ಅದರ ಸಾರಾಂಶ.

ನಾನು ಹೇಳುವುದಕ್ಕೆ ಪೂರ್ತಿ ಉಲ್ಟಾ. ನನ್ನ ಲೆಕ್ಕದಲ್ಲಿ ಗೌರತ್ತೆ ಮನೆ ಕಾಯುವವಳು, ಅವನ ಲೆಕ್ಕದಲ್ಲಿ ಕಳ್ಳರ ಗುಂಪಿನ ಯಜಮಾನಿ. ಇಬ್ಬರಲ್ಲಿ ಒಬ್ಬರು ತಪ್ಪು.

ಅವನ ಕೆಲಸದ ದಾರಿ ಏನು ಎಂದು ಆ ಸಾರಾಂಶದಿಂದ ತಿಳಿಯಿತು. ಬಟ್ಟಲಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಒಂದೊಂದೇ ಜೀನಿನ ಬಾಯಿ ಮುಚ್ಚಿಸುತ್ತಾ ಹೋಗುವುದು. ಯಾವುದರ ಬಾಯಿ ಮುಚ್ಚಿದಾಗ ಕೋಶ ಸಾಯುತ್ತದೋ ಅದೇ ಕ್ಯಾನ್ಸರಿನ ಜೀವಾಳ. ಒಳ್ಳೆಯ ದಾರಿಯೇ. ಆದರೆ ಬಾಯಿ ಮುಚ್ಚಿಸಲು ಬಳಸುವ ಆರ್‌ಎನ್‌ಎ ತುಣುಕು ಎಷ್ಟೋ ಸಲ ಗುರಿ ತಪ್ಪಿ ಇನ್ಯಾವುದೋ ಜೀನಿನ ಮೇಲೂ ಬೀಳುತ್ತದೆ. ಗುರಿ ತಪ್ಪಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆಯಿದೆ, ರೆಸ್ಕ್ಯೂ ಅನ್ನುತ್ತೇವೆ. ತುಣುಕಿನ ಕೈಗೆ ಸಿಗದ ಹಾಗೆ ಬದಲಾಯಿಸಿದ ಅದೇ ಜೀನಿನ ಪ್ರತಿಯನ್ನು ಕೋಶಕ್ಕೆ ವಾಪಸು ಕೊಡುವುದು. ಕೋಶ ಬದುಕಿದರೆ ನೀವು ಹೇಳಿದ್ದು ಸರಿ. ಆಗಲೂ ಸತ್ತರೆ ಕೊಂದದ್ದು ಬೇರೆ ಯಾರೋ. ಸಾರಾಂಶದಲ್ಲಿ ರೆಸ್ಕ್ಯೂ ಎಂಬ ಪದವೇ ಇರಲಿಲ್ಲ. ನಾನು ಮೂರು ಸಲ ಓದಿದೆ.

ಬ್ರಾನ್ವಿನ್‌ಗೂ ಅದು ಕಂಡಿತ್ತು. ಅವನು ಮಾತಾಡಲಿ, ನಾವು ಮುಂದಿನ ಸಾಲಿನಲ್ಲಿ ಕೂತು ಕೇಳೋಣ, ಆಮೇಲೆ ನಮ್ಮ ಪೇಪರ್ ಬರಲಿ ಎಂದಳು. ಅವಳು ಕೆಟ್ಟವಳಲ್ಲ. ಮೊದಲೇ ಸುಳಿವು ಸಿಕ್ಕರೆ ಸಿಡ್ನಿಯವರು ತಮಗೂ ಗೊತ್ತಿತ್ತು ಎನ್ನುತ್ತಾರೆ, ನಿನ್ನ ನಾಲ್ಕು ವರ್ಷ ನೀರಿನಲ್ಲಿ ಹೋಮವಾಗುತ್ತದೆ ಎನ್ನುವ ಅರ್ಥದ ಮಾತನ್ನೂ ಹೇಳಿದಳು. ಕೊನೆಗೆ, ನೀನು ಸಹಿ ಹಾಕಿದ್ದೀಯ ಎಂದು ನೆನಪಿಸಿದಳು.

ಸುಧನ್ವ ತಪ್ಪು ಹೇಳಿದರೆ ಹೋಗುವುದು ಅವನ ಹೆಸರೊಂದೇ ಅಲ್ಲ. ಮುಂದೆ ನನ್ನ ಪೇಪರ್ ಬಂದಾಗ ಅವನ ಹೆಂಡತಿಯೇ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗಾಗುತ್ತದೆ. ಕೆಲಸ ಹೋಗುತ್ತದೆ. ನಮ್ಮಿಬ್ಬರ ಪಿಆರ್ ಅರ್ಜಿ ನಿಂತಿದ್ದುದು ಆ ಕೆಲಸದ ಮೇಲೆ. ಅವನಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಬುಧವಾರ, ಗುರುವಾರ ಇಲಿಗಳ ಮುಂದೆ ಕೂತು ಯಾರ ಮೇಲೆ ಸಿಟ್ಟಾಗಬೇಕು ಎಂದು ತಿಳಿಯದೆ ಎಲ್ಲರ ಮೇಲೂ ಸಿಟ್ಟಾದೆ.

ಶುಕ್ರವಾರ ಸಿಡ್ನಿಗೆ ಹೋದೆ. ಶನಿವಾರ ಮಧ್ಯಾಹ್ನ ಅವನ ಬಾಸ್ ಮನೆಗೆ ಊಟಕ್ಕೆ ಕರೆದಿದ್ದರು. ಪ್ರೊಫೆಸರ್ ಶಾಂತವೀರಪ್ಪ ದಾವಣಗೆರೆಯವರು, ಸಿಡ್ನಿಗೆ ಬಂದು ಮೂವತ್ತು ವರ್ಷವಾಗಿತ್ತು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಸುಧನ್ವನನ್ನು ಮೈಸೂರಿನಿಂದ ಕರೆಸಿಕೊಂಡವರು, ಮೊದಲ ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡವರು, ನಮ್ಮ ಮದುವೆಗೆ ವಿಮಾನ ಹತ್ತಿ ಬಂದು ಅಕ್ಷತೆ ಹಾಕಿದವರು. ಅವರ ಮುಂದೆ ಸುಧನ್ವ ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಊಟದ ಉದ್ದಕ್ಕೂ ಅವರು ಸೋಮವಾರದ ಮಾತನ್ನೇ ಆಡಿದರು. ಹಳೆಯ ಸಹೋದ್ಯೋಗಿಗಳನ್ನೆಲ್ಲ ಬರಹೇಳಿದ್ದರಂತೆ. ಇಂಥದ್ದೊಂದು ಜೀನು ನನ್ನ ಲ್ಯಾಬಿನಿಂದ ಬರಲಿ ಎಂದು ಕಾದಿದ್ದೆ, ನನ್ನ ಹುಡುಗ ತಂದುಕೊಟ್ಟ ಎಂದರು. ಸುಧನ್ವ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಮಾಡುತ್ತಲೇ ಇದ್ದ. ತಿನ್ನಲಿಲ್ಲ. ತನ್ನ ಫಲಿತಾಂಶವನ್ನು ನಂಬಿದವನಿಗೆ ಇಷ್ಟು ಅಳುಕು ಇರುವುದಿಲ್ಲ.

ಭಾನುವಾರ ಊಟವಾದ ಮೇಲೆ ಅವನು ಸೋಮವಾರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ತೋಳಿಗೆ ಇಸ್ತ್ರಿ ಹಾಕಿ, ಮಡಚಿ, ಮತ್ತೆ ಬಿಡಿಸಿ ಅದೇ ತೋಳಿಗೆ ಹಾಕಿದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಸಹಿ ನೆನಪಿತ್ತು. ಬ್ರಾನ್ವಿನ್ ಎಳೆದ ಗೆರೆಯೂ ನೆನಪಿತ್ತು.

“ರೆಸ್ಕ್ಯೂ ಮಾಡಿದ್ಯಾ?” ಎಂದೆ.

ಅವನು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ನನ್ನನ್ನು ನೋಡಲಿಲ್ಲ.

“ಮಾಡ್ದೆ.”

“ಏನಾಯ್ತು?”

“ಬದುಕ್ಲಿಲ್ಲ. ಮೂರು ಸಲ ಮಾಡ್ದೆ ತೇಜೂ, ಮೂರು ಸಲಾನೂ ಸತ್ತ್ವು.”

ನಾನು ಕುರ್ಚಿಯಲ್ಲಿ ಕೂತೆ. ಅವನಿಗೆ ಗೊತ್ತಿಲ್ಲ, ಅವಸರದಲ್ಲಿ ಪರೀಕ್ಷೆ ಬಿಟ್ಟಿದ್ದಾನೆ, ನಾನು ಒಂದು ಮಾತಿನಲ್ಲಿ ಅವನನ್ನು ಉಳಿಸಿಬಿಡುತ್ತೇನೆ ಎಂದುಕೊಂಡು ಬಂದಿದ್ದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನನಗೆ ಅವನ ಮೇಲೆ ಅಸಹ್ಯವಾಯಿತು, ಮರುಕ್ಷಣವೇ ಅಳು ಬಂತು. ಶಾಂತವೀರಪ್ಪ ಸರ್ ಇದಕ್ಕೆ ಏನಂದರು ಎಂದು ಕೇಳಿದೆ.

“ಅವರಿಗೆ ಹೇಳಿಲ್ಲ.”

ಹೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿದ್ದನಂತೆ. ಹೋದಾಗಲೆಲ್ಲ ಅವರು ಯಾರಿಗೋ ಫೋನಿನಲ್ಲಿ ಇವನನ್ನೇ ಹೊಗಳುತ್ತಿರುತ್ತಿದ್ದರು. ರೆಸ್ಕ್ಯೂ ಕೆಡುವುದಕ್ಕೆ ನೂರು ಕಾರಣ ಇರುತ್ತವೆ, ಇನ್ನೊಮ್ಮೆ ಮಾಡಿದರೆ ಸರಿಹೋಗಬಹುದು ಎಂದು ತನಗೆ ತಾನೇ ಹೇಳಿಕೊಂಡು ವಾಪಸು ಬರುತ್ತಿದ್ದ. ಅಷ್ಟರಲ್ಲಿ ಪುಸ್ತಿಕೆ ಅಚ್ಚಾಯಿತು. ಇದನ್ನೆಲ್ಲ ಅವನು ಗೋಡೆಗೆ ಹೇಳುವಂತೆ ಹೇಳಿದ. ಆಮೇಲೆ ತಟ್ಟನೆ ನನ್ನತ್ತ ತಿರುಗಿದ.

“ನಿನ್ ಹತ್ರನೂ ಅದೇ ಜೀನ್ ಇದೆ ಅಲ್ವಾ? ಉಲ್ಟಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಹಕ್ಕಿರಲಿಲ್ಲ. ಎದ್ದು ಸಿಂಕಿನ ಹತ್ತಿರ ಹೋಗಿ ಪಾತ್ರೆ ತೊಳೆಯತೊಡಗಿದೆ. ಲ್ಯಾಬಿನ ಮಾತು ಎತ್ತಿದವಳು ನಾನೇ ತಾನೆ. ಅವನಿಗೆ ಅಷ್ಟೇ ಸಾಕಾಯಿತು. ಯಾವಾಗಿನಿಂದ ಗೊತ್ತು ಎಂದು ಕೇಳಿದ. ಮಂಗಳವಾರದಿಂದ ಎಂದೆ. ಇವತ್ತು ಭಾನುವಾರ ಎಂದ, ಅಷ್ಟೇ. ಬೆನ್ನ ಹಿಂದಿನಿಂದ ಬಂದ ಆ ಮಾತು ಕಪಾಳಕ್ಕೆ ಹೊಡೆದಂತೆ ತಗುಲಿತು. ನಾವಿಬ್ಬರೂ ಕಾನೂನಿನ ಸೆರಗಿನಲ್ಲಿ ಅಡಗಿ ಕೂತಿದ್ದೆವು.

ಸರ್‌ಗೆ ಈಗಲೇ ಫೋನ್ ಮಾಡು ಎಂದೆ. ಮಾಡಿದ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆಯಿಂದ ಅವರ ದನಿ ತುಂಬಿ ಬಂತು. ಏನಪ್ಪಾ ಮದುಮಗ, ಎದೆ ಹೊಡ್ಕೊಳ್ತಿದೆಯಾ ಎಂದು ನಕ್ಕರು. ತಮ್ಮ ಮೊದಲ ಭಾಷಣದ ದಿನ ಕನ್ನಡಕ ಮರೆತು ಹೋಗಿದ್ದನ್ನು ಹೇಳಿದರು. ಯಾವ ಟೈ ಕಟ್ಟಬೇಕು ಎಂದು ಹೇಳಿದರು. ಸುಧನ್ವ ಎರಡು ಸಲ ಬಾಯಿ ತೆರೆದ.

“ಸರ್, ಒಂದ್ ವಿಷಯ ಹೇಳ್ಬೇಕಿತ್ತು.”

“ಎಲ್ಲಾ ನಾಳೆ ಹೇಳು. ಭಾಷಣ ಮುಗೀಲಿ, ಕೂತು ಮಾತಾಡಾಣ. ತೇಜಸ್ವಿನಿ, ಇವನಿಗೆ ಹೊಟ್ಟೆ ತುಂಬ ಊಟ ಹಾಕಮ್ಮ,” ಎಂದು ಇಟ್ಟುಬಿಟ್ಟರು.

ಮತ್ತೆ ಮಾಡು ಎಂದು ನಾನು ಹೇಳಲಿಲ್ಲ, ಅವನೂ ಮಾಡಲಿಲ್ಲ. ನಾಳೆ ಏನು ಮಾಡ್ತೀಯ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದ. ಅದು ನಿಜವೇ ಇರಬೇಕು.

ಸೋಮವಾರ ಸಭಾಂಗಣ ತುಂಬಿತ್ತು. ಬೆಳಗಿನ ವಿಮಾನದಲ್ಲಿ ಬಂದಿದ್ದ ಬ್ರಾನ್ವಿನ್ ನನ್ನ ಪಕ್ಕದಲ್ಲಿ ಕೂತಳು, ಪೆನ್ನು ತೆಗೆದಿಟ್ಟುಕೊಂಡಳು. ಶಾಂತವೀರಪ್ಪನವರು ಮೊದಲ ಸಾಲಿನಲ್ಲಿ, ಕೋಟಿನ ಮೇಲೆ ಶಾಲು ಹೊದ್ದು, ಅಕ್ಕಪಕ್ಕದವರಿಗೆಲ್ಲ ಕೈ ಕುಲುಕುತ್ತಿದ್ದರು. ಸುಧನ್ವ ವೇದಿಕೆ ಹತ್ತಿದ. ಅಂಗಿಯ ತೋಳಿನ ಇಸ್ತ್ರಿ ಗೆರೆ ಕತ್ತಿಯ ಹಾಗಿತ್ತು.

ಒಂದೊಂದೇ ಸ್ಲೈಡ್ ಬಂತು. ಸಾವಿರಾರು ಜೀನುಗಳ ಬಾಯಿ ಮುಚ್ಚಿಸಿದ್ದು, ಕೋಶಗಳು ಸತ್ತದ್ದು, ಪಟ್ಟಿಯ ತುದಿಯಲ್ಲಿ ಗೌರತ್ತೆ. ಅವನ ದನಿ ಗಟ್ಟಿಯಾಗಿತ್ತು. ಅದು ನನಗೆ ಹೆದರಿಕೆ ಹುಟ್ಟಿಸಿತು. ಪ್ರತಿ ಸ್ಲೈಡಿಗೂ ರೆಸ್ಕ್ಯೂ ಇದೇ ಇರಬಹುದು ಎಂದು ಕಾದೆ, ಅದಾಗಿರಲಿಲ್ಲ. ಸತ್ತ ಕೋಶಗಳ ಚಿತ್ರ ಬಂತು, ಶಾಂತವೀರಪ್ಪನವರು ಪಕ್ಕದವರ ಮೊಣಕೈ ತಟ್ಟಿದರು. ಕೊನೆಗೆ ಲ್ಯಾಬಿನವರ ಫೋಟೋ ಇರುವ ಕೃತಜ್ಞತೆಯ ಸ್ಲೈಡ್ ಬಂದೇಬಿಟ್ಟಿತು. ಮುಗಿಯಿತು ಎಂದುಕೊಂಡೆ. ನಾನು ಮದುವೆಯಾದವನು ಇವನೇ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು.

ಸುಧನ್ವ ಕೈ ಎತ್ತಿ ನಿಲ್ಲಿಸಿದ. ಇನ್ನೊಂದು ಸ್ಲೈಡ್ ಇದೆ ಎಂದ.

ಅದರಲ್ಲಿ ಬದುಕಿದ ಕೋಶಗಳ ಲೆಕ್ಕ ತೋರಿಸುವ ಗ್ರಾಫಿನ ಮೂರು ಕಂಬಗಳಿದ್ದವು, ಮೂರೂ ನೆಲಕ್ಕೆ ಅಂಟಿದ್ದವು. ಜೀನನ್ನು ವಾಪಸು ಕೊಟ್ಟೆ, ಕೋಶಗಳು ಬದುಕಲಿಲ್ಲ, ಆದ್ದರಿಂದ ಅವನ್ನು ಕೊಂದದ್ದು ಈ ಜೀನಿನ ಅಭಾವ ಎಂದು ನಾನು ಹೇಳಲಾರೆ ಎಂದ. ಪುಸ್ತಿಕೆಯಲ್ಲಿರುವ ಶೀರ್ಷಿಕೆ ತಪ್ಪು. ಈ ಫಲಿತಾಂಶವನ್ನು ನಾನು ನಮ್ಮ ಪ್ರೊಫೆಸರಿಗೂ ತೋರಿಸಿರಲಿಲ್ಲ, ಅದು ನನ್ನ ತಪ್ಪು, ಅವರದಲ್ಲ. ಇಷ್ಟನ್ನೂ ಅವನು ಪರದೆ ನೋಡದೆ, ಮೊದಲ ಸಾಲನ್ನು ನೋಡುತ್ತಾ ಹೇಳಿದ. ನನಗೆ ಅವನ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣು ಮಂಜಾಯಿತು.

ಶಾಂತವೀರಪ್ಪನವರು ಎದ್ದರು. ನಿಧಾನವಾಗಿ ಮೈಕಿನ ಹತ್ತಿರ ಹೋಗಿ, ಗುರುತಿಲ್ಲದವನನ್ನು ಕೇಳುವಂತೆ ಇಂಗ್ಲಿಷಿನಲ್ಲಿ, ಪರೀಕ್ಷೆಯನ್ನು ಎಷ್ಟು ಸಲ ಮಾಡಿದಿರಿ ಎಂದು ಕೇಳಿದರು. ಮೂರು ಸಲ ಸರ್ ಎಂದ. ಮೂರು ಸಲವೂ ಹೀಗೇ ಬಂತೇ ಎಂದರು. ಹೌದು ಎಂದ. ಥ್ಯಾಂಕ್ಯೂ ಎಂದು ಹೇಳಿ ಅವರು ವಾಪಸು ಬಂದು ಕೂತರು. ಶಾಲು ಜಾರಿ ನೆಲಕ್ಕೆ ಬಿದ್ದದ್ದು ಅವರಿಗೆ ತಿಳಿಯಲಿಲ್ಲ.

ಬ್ರಾನ್ವಿನ್ ಪೆನ್ನಿನ ಕ್ಯಾಪು ಹಾಕಿದಳು. ಅವನಿಗೆ ಹೇಳಿದೆಯಾ ಎಂದು ಮೆಲ್ಲಗೆ ಕೇಳಿದಳು. ಏನೂ ಹೇಳಲಿಲ್ಲ, ರೆಸ್ಕ್ಯೂ ಮಾಡಿದ್ದೀಯಾ ಎಂದು ಕೇಳಿದೆ ಎಂದೆ. ನೀನು ಕೇಳಿದರೆ ಹೇಳಿದ ಹಾಗೇ ಎಂದಳು. ಪೇಪರ್ ಕಳಿಸುತ್ತೇವೆ, ಆದರೆ ಮೊದಲ ಹೆಸರು ಬೇರೆಯವರದಾಗುತ್ತದೆ, ಉಳಿದದ್ದನ್ನು ಮೆಲ್ಬರ್ನಿನಲ್ಲಿ ಮಾತಾಡೋಣ ಎಂದಳು. ನನ್ನ ನಾಲ್ಕು ವರ್ಷ. ಜಗಳವಾಡಲು ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ, ಯಾಕೆಂದರೆ ಅವಳು ಅನ್ಯಾಯ ಮಾಡುತ್ತಿರಲಿಲ್ಲ.

ಹೊರಗಿನ ಪ್ಯಾಸೇಜಿನಲ್ಲಿ ಜನ ಸುಧನ್ವನನ್ನು ಬಿಟ್ಟು ದೂರ ದೂರ ನಿಂತು ಕಾಫಿ ಕುಡಿಯುತ್ತಿದ್ದರು. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಶಾಂತವೀರಪ್ಪನವರು ಬಂದರು. ಒಂದೇ ಗಂಟೆಯಲ್ಲಿ ಅವರಿಗೆ ವಯಸ್ಸಾಗಿತ್ತು.

“ನಿನ್ನೆ ಫೋನ್ ಮಾಡಿದ್ದು ಇದನ್ನ ಹೇಳಾಕೇನಾ?”

“ಹೌದು ಸರ್.”

“ನಾನು ಬಿಡ್ಲಿಲ್ಲ.”

ಸುಧನ್ವ ತಲೆ ತಗ್ಗಿಸಿದ. ಅವರು ಅವನ ಟೈಯನ್ನು, ತಾವೇ ಹೇಳಿದ್ದ ಟೈಯನ್ನು, ಒಂದು ಕ್ಷಣ ನೋಡಿದರು.

“ಪಿಆರ್ ಕಾಗದಕ್ಕೆ ಸಹಿ ಹಾಕ್ತೀನಿ, ಅದರ ಚಿಂತೆ ಬಿಡು. ಆದ್ರೆ ಅದು ಕೈಗೆ ಬಂದ್ಮೇಲೆ ಬೇರೆ ಲ್ಯಾಬ್ ನೋಡ್ಕೋ ಸುಧನ್ವ. ನನಗೆ ಹೆದರೋ ಹುಡುಗ ನನ್ನ ಲ್ಯಾಬಲ್ಲಿ ಇರಬಾರ್ದು. ನಿನಗೂ ಒಳ್ಳೇದಲ್ಲ, ನನಗೂ ಒಳ್ಳೇದಲ್ಲ.”

ಅವನು ಬಗ್ಗಿ ಅವರ ಕಾಲು ಮುಟ್ಟಲು ಹೋದ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಇದೇ, ಇದೇ ಬೇಡ ಅನ್ನೋದು ಎಂದು ಹೇಳಿ ಹೊರಟುಹೋದರು.

ಪ್ಯಾರಮಟ್ಟಾ ರೈಲು ಹಿಡಿದೆವು. ಮನೆಗೆ ಬಂದು, ಬೆಳಿಗ್ಗೆ ತಿಂಡಿ ತಿಂದ ತಟ್ಟೆ ಲೋಟಗಳು ಹಾಗೇ ಸಿಂಕಿನಲ್ಲಿದ್ದುದನ್ನು ನೋಡುತ್ತಾ ಕೂತೆವು. ಮೊದಲ ಹೆಸರು ಹೋದದ್ದನ್ನು ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

“ಒಂದು ಹೇಳ್ಲಾ? ನೀನು ಕೇಳ್ದೇ ಇದ್ದಿದ್ರೆ ಆ ಸ್ಲೈಡ್ ಹಾಕ್ತಿರ್ಲಿಲ್ಲ ನಾನು,” ಎಂದ.

ಅದು ನನಗೆ ಗೊತ್ತಿತ್ತು. ಅವನ ಬಾಯಿಂದ ಕೇಳದಿದ್ದರೆ ಸಾಕಿತ್ತು ಎಂದೂ ಅನ್ನಿಸಿತ್ತು. ಕೇಳಿದ ಮೇಲೆ ನನ್ನದನ್ನೂ ಹೇಳಲೇಬೇಕಾಯಿತು. ಅವನ ಶೀರ್ಷಿಕೆ ನನ್ನ ಇಲಿಗಳ ಜೊತೆ ಒಪ್ಪಿಬಿಟ್ಟಿದ್ದರೆ, ರೆಸ್ಕ್ಯೂ ಇರಲಿ ಬಿಡಲಿ, ನಾನು ಕೇಳುತ್ತಲೇ ಇರಲಿಲ್ಲ. ಇಬ್ಬರೂ ಯಾರಾದರೂ ಕೇಳುವವರೆಗೆ ಗಪ್‌ಚುಪ್ಪಾಗಿರುವ ಜನ. ಇದು ನಾಚಿಕೆಯ ವಿಷಯ, ಆದರೆ ಅವತ್ತು ಹೇಳಿಕೊಂಡ ಮೇಲೆ ಎದೆ ಹಗುರವಾಯಿತು.

ಆಮೇಲೆ ಅವನು ಕೇಳಿದ.

“ಈಗ್ಲಾದ್ರೂ ಹೇಳು. ನಿನ್ನ ಇಲಿಗಳು ಏನಂತಾವೆ?”

“ಹೇಳಲ್ಲ. ಪೇಪರ್ ಬರ್ಲಿ, ಓದು,” ಎಂದೆ.

ಅವನು ನನ್ನ ಮುಖ ನೋಡಿದ. ನಾನು ಸಿಂಕಿನ ಕಡೆ ಕೈ ತೋರಿಸಿದೆ. ಆ ವಾರದಲ್ಲಿ ಮೊದಲ ಸಲ ಅವನಿಗೆ ನಗು ಬಂತು. ಎದ್ದು, ಇಸ್ತ್ರಿ ಹಾಕಿದ ಆ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡು, ಹೋಗಿ ನಲ್ಲಿ ತಿರುಗಿಸಿದ.